ಮೂರು ಚೌಕದ ಸಂಸಾರ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದ ಇಬ್ಬರೂ ರಾಜಕೀಯ ವ್ಯಂಗ್ಯಚಿತ್ರದ ಬಗ್ಗೆ ಹೇಳಿದರು. ಮಂತ್ರಿಯ ಮೂಗನ್ನು ಎಷ್ಟು ಉದ್ದ ಎಳೆಯಬಹುದು, ಕೇಸು ಬಿದ್ದರೆ ಏನು ಗತಿ, ಎಲ್ಲ ಬಂತು. ಈ ಗೋಡೆಗಳ ಮೇಲೆ ಹಾಕಿರುವ ಚಿತ್ರಗಳನ್ನೂ ಒಂದು ಸುತ್ತು ನೋಡಿದೆ. ವಿಧಾನಸೌಧ ಇದೆ, ಕುರ್ಚಿ ಇದೆ, ಕುರ್ಚಿಯ ಕಾಲು ಎಳೆಯುವವರು ಇದ್ದಾರೆ. ಅಡುಗೆಮನೆ ಒಂದೂ ಇಲ್ಲ.

ನನ್ನ ತಕರಾರು ಅಷ್ಟೇ. ಕನ್ನಡದ ಪತ್ರಿಕೆಗಳು ಒಂದೇ ಚೌಕದ ಪಾಕೆಟ್ ಕಾರ್ಟೂನನ್ನು ಚೆನ್ನಾಗಿಯೇ ಸಾಕಿವೆ. ಪ್ರಜಾವಾಣಿಯ ಚಿನಕುರಳಿ ನೋಡಿ ಆಮೇಲೆ ಸುದ್ದಿ ಓದುವವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ. ಆದರೆ ಮನೆಯೊಳಗಿನ ನಗೆಗೆ ದಿನಾ ಮೂರು ಚೌಕದ ಕಾಮಿಕ್ ಸ್ಟ್ರಿಪ್‌ಗೆ ಜಾಗ ಕೊಡಿ ಅಂದರೆ "ಅದು ಮಕ್ಕಳ ಪುಟಕ್ಕೆ ಸರಿ" ಅನ್ನುತ್ತಾರೆ. ಮಕ್ಕಳು ಸೂಪರ್‌ಮ್ಯಾನ್ ಓದುತ್ತಾರೆ ಸ್ವಾಮಿ. ಗಂಡ ಛತ್ರಿ ಮರೆತು ಬಂದ ಜೋಕಿಗೆ ನಗಬೇಕಾದರೆ ಮದುವೆಯಾಗಿ ಹತ್ತು ವರ್ಷ ಆಗಿರಬೇಕು. ಅಂಥದ್ದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಮಂತ್ರಿಯ ಕಾರ್ಟೂನನ್ನು ಯಾರೂ ಫ್ರಿಜ್ಜಿಗೆ ಅಂಟಿಸಿದ್ದು ಕಾಣೆ.

ಇದರ ಗುಟ್ಟು ಏನು? ಓದುಗನಿಗೆ ಮೊದಲೇ ಗೊತ್ತಿರುವುದೇ ಇಲ್ಲಿ ಬಂಡವಾಳ. ಈ ಮಾತನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಅಮೆರಿಕದ ಕಾಮಿಕ್ ಸ್ಟ್ರಿಪ್ ಬ್ಲಾಂಡಿಯ ಕಥೆ ಹೇಳದಿದ್ದರೆ ಇದು ತಲೆಗೆ ಹತ್ತುವುದಿಲ್ಲ. ಚಿಕ್ ಯಂಗ್ ಅದನ್ನು ಶುರು ಮಾಡಿದ್ದು 1930ರ ಸೆಪ್ಟೆಂಬರ್ 8ರಂದು. ಆಗ ಅದು ಸಂಸಾರದ ಕಥೆಯೇ ಅಲ್ಲ. ಬ್ಲಾಂಡಿ ಡಾನ್ಸು, ಪಾರ್ಟಿ ಅಂತ ಓಡಾಡುವ ಹುಡುಗಿ. ಅವಳ ಹಿಂದೆ ಬಿದ್ದ ಡ್ಯಾಗ್‌ವುಡ್ ಬಮ್‌ಸ್ಟೆಡ್ ರೈಲ್ವೆ ಕುಳವೊಬ್ಬನ ಮಗ. ಕಾಲ ನೋಡಿದರೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಕೆಲಸ ಕಳಕೊಂಡವನು ಬೆಳಿಗ್ಗೆ ಪೇಪರ್ ಬಿಡಿಸಿದರೆ ಶ್ರೀಮಂತರ ಮಗನ ಪ್ರೇಮಪ್ರಸಂಗ. ಯಾರಿಗೆ ಬೇಕು? ಓದುಗರ ಆಸಕ್ತಿ ಇಳಿಯಿತು. ಯಂಗ್ ಮದುವೆ ಮಾಡಿಸಿಬಿಡೋಣ ಅಂತ ಹೊರಟರು. ಹುಡುಗನ ಮನೆಯವರು ಒಪ್ಪಲಿಲ್ಲ. ಇಲ್ಲಿವರೆಗೆ ತೀರ್ಥಹಳ್ಳಿಯ ಕಥೆ ಅಂದರೂ ನಡೆಯುತ್ತದೆ! ಹುಡುಗ ಊಟ ಬಿಟ್ಟ. ಪತ್ರಿಕೆಯಲ್ಲಿ ದಿನಾ ಉಪವಾಸ. ಕೊನೆಗೆ ಎಷ್ಟು ಅಂತೀರಿ? 28 ದಿನ, 7 ಗಂಟೆ, 8 ನಿಮಿಷ, 22 ಸೆಕೆಂಡು. ಆ 22 ಸೆಕೆಂಡು ಇದೆಯಲ್ಲ, ಅದೇ ಜೋಕು. 28 ದಿನ ಅಂತ ಬಿಟ್ಟಿದ್ದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅಪ್ಪ ಒಪ್ಪಿದ, ಆದರೆ ಆಸ್ತಿಯಲ್ಲಿ ಬಿಡಿಗಾಸಿಲ್ಲ ಅಂದ. 1933ರ ಫೆಬ್ರವರಿ 17ರಂದು ಮದುವೆ ಆಯಿತು.

ಅಲ್ಲಿಂದ ಮುಂದೆ ನೋಡಿ. ಶ್ರೀಮಂತಿಕೆ ಹೋಯಿತು, ಆಫೀಸು ಬಂತು, ಆಫೀಸಿನಲ್ಲಿ ಡಿದರ್ಸ್ ಎಂಬ ಯಜಮಾನ ಬಂದ. ಬೆಳಿಗ್ಗೆ ತಡವಾಗಿ ಬಾಗಿಲಿನಿಂದ ಓಡುವಾಗ ಅಂಚೆಯವನಿಗೆ ಡಿಕ್ಕಿ. ಸೋಫಾ ಮೇಲೆ ನಿದ್ದೆ. ಸ್ನಾನಕ್ಕೆ ಕೂತರೆ ಯಾರೋ ಒಳಗೆ ಬರುತ್ತಾರೆ. ರಾತ್ರಿ ಎದ್ದು ಮೊಣಕೈ ಎತ್ತರದ ಸ್ಯಾಂಡ್‌ವಿಚ್. ಆ ಸ್ಯಾಂಡ್‌ವಿಚ್ ಅವನ ಹೆಸರಿನಿಂದಲೇ ಇಂಗ್ಲಿಷ್ ನಿಘಂಟು ಸೇರಿತು. ಉಪವಾಸ ಮಾಡಿ ಮದುವೆಯಾದ ಮನುಷ್ಯ 90 ವರ್ಷ ದಾಟಿದರೂ ತಿನ್ನುತ್ತಲೇ ಇದ್ದಾನೆ. 1973ರಲ್ಲಿ ಚಿಕ್ ಯಂಗ್ ತೀರಿಕೊಂಡ ಮೇಲೆ ಮಗ ಡೀನ್ ಯಂಗ್ ಮುಂದುವರಿಸಿದರು. 1991ರಲ್ಲಿ ಬ್ಲಾಂಡಿ ಸ್ವಂತ ಕೇಟರಿಂಗ್ ಶುರು ಮಾಡಿದಳು. ಗಂಡ ಮಾತ್ರ ಅದೇ ಸೋಫಾದಲ್ಲಿ.

ಇದನ್ನು ಲೆಕ್ಕಕ್ಕೆ ಇಳಿಸೋಣ, ಶಿಬಿರಕ್ಕೆ ಬಂದ ಹುಡುಗರು ಬರೆದುಕೊಳ್ಳಿ. ವಾರಕ್ಕೆ ಆರು ಸ್ಟ್ರಿಪ್ ಅಂದರೆ ವರ್ಷಕ್ಕೆ 312. ನಿಮ್ಮ ಮನೆಗೆ ಹನ್ನೆರಡು ಕಾಯಂ ಸನ್ನಿವೇಶ ಇದ್ದರೆ ಒಂದೊಂದಕ್ಕೆ 26 ಬಂತು. ಅಂದರೆ ಅಂಚೆಯವನಿಗೆ ಡಿಕ್ಕಿ ಹದಿನೈದು ದಿನಕ್ಕೊಮ್ಮೆ. ಅಷ್ಟು ಅಂತರದಲ್ಲಿ ಓದುಗ ಮರೆತೂ ಇರುವುದಿಲ್ಲ, ಬೇಸತ್ತೂ ಇರುವುದಿಲ್ಲ. ವಾರಕ್ಕೆರಡು ಸಲ ಹೊಡೆಸಿದರೆ ತಿಂಗಳಲ್ಲಿ ಸತ್ತುಹೋಗುತ್ತದೆ. ಹಾಗೆಯೇ ಆರಕ್ಕೆ ಆರೂ ಸರಕೇ, ಅಂದರೆ ಅಡಿಕೆಯಲ್ಲಿ ಮೇಲ್ದರ್ಜೆಯ ಮಾಲೇ, ಆಗಬೇಕು ಅಂತ ಹಟ ಹಿಡಿಯಬೇಡಿ. ನಮ್ಮ ಅಡಿಕೆ ಮಂಡಿಯ ಲೆಕ್ಕವೇ ಇಲ್ಲಿಯೂ: ವಾರಕ್ಕೊಂದು ಸರಕು ಬಿದ್ದು, ಉಳಿದದ್ದು ಸಾಧಾರಣ ದರ್ಜೆಯ ರಾಶಿ ಆದರೆ ವ್ಯಾಪಾರ ನಡೆಯುತ್ತದೆ. ಕಡೇ ದರ್ಜೆಯ ಗೊರಬಲು ಮಾತ್ರ ಕಳಿಸಬೇಡಿ.

ರಾಶಿ ಅಂದ ಕೂಡಲೇ ಅದೇ ಕಾವ್ಯನಾಮದ ಇನ್ನೊಬ್ಬರು ನೆನಪಾಗುತ್ತಾರೆ, ಡಾ. ಎಂ. ಶಿವರಾಂ. 1942ರಲ್ಲಿ ಅವರು ಶುರು ಮಾಡಿದ ಹಾಸ್ಯಪತ್ರಿಕೆ ಕೊರವಂಜಿಯಲ್ಲಿ ಸಂಸಾರದ ನಗೆಗೆ ಜಾಗ ಇತ್ತು. ಆರ್.ಕೆ. ಲಕ್ಷ್ಮಣ್ ಮೈಸೂರಿನ ಹುಡುಗನಾಗಿದ್ದಾಗ ಅದಕ್ಕೆ ಚಿತ್ರ ಬರೆದಿದ್ದಾರೆ. ಹಾಗಾಗಿ ಇದು ಪರದೇಶದ ಸರಕು ಅಂತ ಯಾರೂ ಮೂಗು ಮುರಿಯುವ ಹಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಬೋರ್ಡಿನ ಮೇಲೆ ಬರೆದಿರುವ ಮೂರು ಚೌಕ ನೋಡಿ. ಮನೆ ನಮ್ಮದೇ, ಹೊಸನಗರದ ಕಡೆಯದು ಅಂತ ಇಟ್ಟುಕೊಳ್ಳಿ. ಅಡಿಕೆ ಗೊನೆಯ ಕೊಯ್ಲು ಮುಗಿದು, ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ಮೊದಲನೇ ಚೌಕ: ಜಗಲಿಯಲ್ಲಿ ಅಜ್ಜ, ಪಕ್ಕದಲ್ಲಿ ರೇಡಿಯೋ. ಅಜ್ಜ ಹೇಳುತ್ತಾರೆ, "ಮಳೆ ಇಲ್ಲ ಅಂತ ರೇಡಿಯೋದಲ್ಲೇ ಹೇಳಿದ್ರು ಮಾರಾಯ್ತಿ." ಎರಡನೇ ಚೌಕ: ಅಜ್ಜಿ ಅಡಿಕೆ ಮೇಲೆ ತಾರ್ಪಾಲು ಎಳೆಯುತ್ತಿದ್ದಾರೆ. ಮಾತಿಲ್ಲ. ಮೂರನೇ ಚೌಕ: ಧೋ ಅಂತ ಮಳೆ. ತಾರ್ಪಾಲಿನ ಅಂಚಿನಿಂದ ಅಜ್ಜನ ತಲೆ ಮತ್ತು ರೇಡಿಯೋ ಹೊರಗೆ ಕಾಣುತ್ತಿವೆ. ಅಜ್ಜ ಹೇಳುತ್ತಾರೆ, "ರೇಡಿಯೋದವ್ರ ಮನೇಲಿ ಅಡಿಕೆ ಇಲ್ಲ ಕಾಣ್ತದೆ."

ಈ ಸ್ಟ್ರಿಪ್ ನಿಂತಿರುವುದು ಎರಡನೇ ಚೌಕದ ಮೇಲೆ. ಹೊಸಬರು ಬರೆದರೆ ಅಲ್ಲಿ ಅಜ್ಜಿಯ ಬಾಯಿಗೆ "ನಿಮ್ಮ ರೇಡಿಯೋ ನಂಬಿದ್ರೆ ಆಯ್ತು" ಅಂತ ಹಾಕುತ್ತಾರೆ. ಹಾಕಿದಿರೋ, ಮೂರನೇ ಚೌಕಕ್ಕೆ ಕೆಲಸವೇ ಇಲ್ಲ, ಮಳೆ ಬರುವುದು ಅಲ್ಲೇ ಗೊತ್ತಾಯಿತು. ಅಜ್ಜಿಗೆ ಯಾಕೆ ಗೊತ್ತು ಅಂತ ವಿವರಿಸಲೂ ಬೇಡ. ಎಲ್ಲ ಮನೆಯಲ್ಲೂ ಅಜ್ಜಿಗೆ ಗೊತ್ತಿರುತ್ತದೆ. ಮತ್ತೆ ಅದೇ ಮಾತು: ಓದುಗನಿಗೆ ಮೊದಲೇ ಗೊತ್ತಿರುವುದೇ ಬಂಡವಾಳ. ಲಕ್ಷ್ಮಣರ ಕಾಮನ್ ಮ್ಯಾನ್ ಜೀವಮಾನವಿಡೀ ಬಾಯಿ ಬಿಡದೆ ನಿಂತ. ಆಗುಂಬೆಯಲ್ಲಿ ಶೂಟಿಂಗ್ ಆದ ಮಾಲ್ಗುಡಿ ಡೇಸ್‌ನ ಶುರುವಿಗೆ ಬರುವ ಅವರ ಗೆರೆಗಳನ್ನು ಇನ್ನೊಮ್ಮೆ ನೋಡಿ, ಎಷ್ಟು ಕಡಿಮೆಯಲ್ಲಿ ಒಂದು ಊರು ಎದ್ದು ನಿಲ್ಲುತ್ತದೆ. ನಮ್ಮ ಮನೆಗೂ ಮೂರೇ ಸಾಮಾನು ಸಾಕು: ಜಗಲಿಯ ಕಂಬ, ರೇಡಿಯೋ, ಗೋಡೆಗೆ ನೇತು ಹಾಕಿದ ಛತ್ರಿ. ಆ ಮೂರೂ ಪ್ರತಿದಿನ ಅದೇ ಜಾಗದಲ್ಲಿರಬೇಕು. ಒಂದು ದಿನ ಛತ್ರಿ ಎಡಕ್ಕೆ ಹೋದರೆ ಓದುಗ ಅದೇ ಜೋಕಿರಬೇಕು ಅಂತ ಹುಡುಕಲು ಕೂರುತ್ತಾನೆ.

ಇನ್ನು ಅಳತೆ. ಪತ್ರಿಕೆಯಲ್ಲಿ ನಾಲ್ಕು ಕಾಲಂ ಸಿಕ್ಕಿತು ಅಂದರೆ ಅಗಲ ಸುಮಾರು 16 ಸೆಂಟಿಮೀಟರ್. ಚೌಕಕ್ಕೆ ಐದು ಚಿಲ್ಲರೆ. ಬರೆಯುವಾಗ ಎರಡರಷ್ಟು ದೊಡ್ಡದಾಗಿ, 32 ಸೆಂಟಿಮೀಟರ್ ಅಗಲಕ್ಕೆ ಬರೆಯಿರಿ. ಅರ್ಧಕ್ಕೆ ಇಳಿಸಿದಾಗ ಕೈ ನಡುಗಿದ್ದು ಕಾಣುವುದಿಲ್ಲ. ಆದರೆ ಕೂದಲೆಳೆಯಂಥ ಗೆರೆಯೂ ಕಾಣುವುದಿಲ್ಲ, ಹಾಗಾಗಿ ನಿಬ್ಬು ಸ್ವಲ್ಪ ದಪ್ಪ ಇರಲಿ. ಒತ್ತೊತ್ತಾಗಿ ಎಳೆದ ನೆರಳಿನ ಗೆರೆಗಳು ನ್ಯೂಸ್‌ಪ್ರಿಂಟಿನಲ್ಲಿ ಶಾಯಿ ಹರಡಿ ಒಂದೇ ಕಪ್ಪು ಮುದ್ದೆ ಆಗುತ್ತವೆ. ಅಡಿಕೆ ರಾಶಿಯನ್ನು ಒಂದೊಂದೇ ಕಾಯಿ ಬರೆಯಲು ಹೋಗಬೇಡಿ. ಅಂಚಿನಲ್ಲಿ ಹತ್ತು ಕಾಯಿ ಬರೆದು ನಡುವೆ ಖಾಲಿ ಬಿಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಅಕ್ಷರದಲ್ಲಿ. ಇಂಗ್ಲಿಷ್ ಸ್ಟ್ರಿಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ, ಸಾಲಿನಿಂದ ಮೇಲೆ ಕೆಳಗೆ ಏನೂ ಚಾಚುವುದಿಲ್ಲ. ನಮಗೆ ಮೇಲೆ ಗುಡಿಸು, ಬದಿಗೆ ದೀರ್ಘ, ಕೆಳಗೆ ಒತ್ತು. ಎರಡು ಸಾಲಿನ ನಡುವೆ ಹೆಚ್ಚುಕಡಿಮೆ ಒಂದು ಅಕ್ಷರದ ಎತ್ತರ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಆದ್ದರಿಂದ ಮಾತು ಬರೆಯುವ ಬಲೂನಿಗೆ ಮೂರು ಸಾಲು, ಸಾಲಿಗೆ ಮೂರು ಪದ, ಒಟ್ಟು ಒಂಬತ್ತು. ಹತ್ತನೆಯದು ಬಂತು ಅಂದರೆ ಯಾವುದೋ ಒಂದು ದಂಡ ಅಂತ ತಿಳಿಯಿರಿ. ಕ್ರಮ ಹೀಗೆ: ಮೊದಲು ಪೆನ್ಸಿಲಿನಲ್ಲಿ ಮಾತು, ಅದರ ಸುತ್ತ ಬಲೂನು, ಉಳಿದ ಜಾಗದಲ್ಲಿ ಮನುಷ್ಯರು. ಮನುಷ್ಯರನ್ನು ಮೊದಲು ಬರೆದವರ ಚಿತ್ರದಲ್ಲಿ ಬಲೂನು ಯಾರದೋ ತಲೆ ಕೊಯ್ದಿರುತ್ತದೆ. ಮೊದಲು ಮಾತಾಡುವವರು ಎಡಕ್ಕಿರಬೇಕು. ಇಲ್ಲದಿದ್ದರೆ ಬಲೂನಿನ ಬಾಲಗಳು ಒಂದರ ಮೇಲೊಂದು ಹಾದು, ಓದುಗ ಉತ್ತರ ಓದಿ ಆಮೇಲೆ ಪ್ರಶ್ನೆ ಓದುತ್ತಾನೆ.

ಪಾತ್ರ ನಾಲ್ಕು, ಹೆಚ್ಚೆಂದರೆ ಐದು. ಮೊದಲ ತಿಂಗಳಲ್ಲೇ ಷಡ್ಡಕ, ನಾದಿನಿ, ಸೋದರತ್ತೆ ಅಂತ ಇಡೀ ನೆಂಟರ ಬಳಗ ತಂದವರು ಎರಡನೇ ತಿಂಗಳು ಅವರನ್ನು ಬಸ್ಸು ಹತ್ತಿಸುವುದರಲ್ಲೇ ಕಳೆಯುತ್ತಾರೆ. ಎಲ್ಲರನ್ನೂ ಬರೀ ಕಪ್ಪು ನೆರಳಾಗಿ ಬರೆದು ನೋಡಿ. ಯಾರು ಯಾರು ಅಂತ ಗೊತ್ತಾಗದಿದ್ದರೆ ಪಾತ್ರ ಇನ್ನೂ ಹುಟ್ಟಿಲ್ಲ.

ವಯಸ್ಸು ಏರಬೇಕೋ ಬೇಡವೋ, ಮೊದಲ ದಿನವೇ ತೀರ್ಮಾನಿಸಿ. ಹ್ಯಾಂಕ್ ಕೆಚಮ್ ಅವರ ಕಾರ್ಟೂನಿನ ತುಂಟ ಹುಡುಗ ಡೆನಿಸ್ 1951ರಿಂದ ಐದೂವರೆ ವರ್ಷದವನೇ. ಅತ್ತ ಫ್ರಾಂಕ್ ಕಿಂಗ್ ಅವರ ಗ್ಯಾಸೊಲೀನ್ ಅಲಿಯಲ್ಲಿ 1921ರ ಫೆಬ್ರವರಿ 14ರಂದು ಬಾಗಿಲಲ್ಲಿ ಸಿಕ್ಕಿದ ಕೂಸು ಸ್ಕೀಜಿಕ್ಸ್ ಓದುಗರ ಜೊತೆಗೇ ಬೆಳೆದು, ಯುದ್ಧಕ್ಕೆ ಹೋಗಿ ಬಂದು, ಸಂಸಾರಸ್ಥನಾದ. ಕೆನಡಾದ ಲಿನ್ ಜಾನ್‌ಸ್ಟನ್ 1979ರಲ್ಲಿ ಶುರು ಮಾಡಿದ ಸ್ಟ್ರಿಪ್‌ನಲ್ಲೂ ಮಕ್ಕಳು ದೊಡ್ಡವರಾದರು, 1995ರಲ್ಲಿ ಮನೆಯ ನಾಯಿ ಸತ್ತಿತು. ವಯಸ್ಸು ಏರಿಸಿದರೆ ಸಾವನ್ನೂ ಬರೆಯಬೇಕಾಗುತ್ತದೆ. ನಮ್ಮ ಅಜ್ಜನಿಗೆ ನಾನಂತೂ ವಯಸ್ಸು ಏರಿಸುವುದಿಲ್ಲ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಅಕ್ಷರ ನೋಡಿದರೆ ಐದೇ ಇರಬೇಕು.

ಹೆಂಡತಿಯ ಕೈಗೆ ಲಟ್ಟಣಿಗೆ ಕೊಡುವ ಜೋಕು ಬಿಡಿ. 1913ರಲ್ಲಿ ಜಾರ್ಜ್ ಮ್ಯಾಕ್‌ಮ್ಯಾನಸ್ ಅವರ ಸ್ಟ್ರಿಪ್‌ನ ಹೆಂಡತಿ ಮ್ಯಾಗಿ ಅದನ್ನು ಗಂಡನ ಮೇಲೆ ಎಸೆದಾಗ ಅದಕ್ಕೆ ಅರ್ಥ ಇತ್ತು. ಅವಳಿಗೆ ಹೊಸ ಶ್ರೀಮಂತಿಕೆಯ ಗತ್ತು, ಅವನಿಗೆ ಹಳೇ ಗೆಳೆಯರ ಹಂಬಲ, ಜಗಳಕ್ಕೆ ಕಾರಣ ಇತ್ತು. ಕಾರಣ ಬಿಟ್ಟು ಲಟ್ಟಣಿಗೆ ಮಾತ್ರ ತಂದುಕೊಂಡದ್ದು ಆಮೇಲಿನವರ ಸೋಮಾರಿತನ. ನಮ್ಮ ಮನೆಗಳಲ್ಲಿ ಬೇರೆ ಎಷ್ಟಿದೆ: ಅಪ್ಪೆಮಿಡಿ ಭರಣಿಗೆ ಒದ್ದೆ ಕೈ ಹಾಕಿದ್ದು ಯಾರು, ಕರೆಂಟು ಹೋದಾಗ ಟಾರ್ಚು ಎಲ್ಲಿ, ಹಲಸಿನ ಹಪ್ಪಳ ಲೆಕ್ಕಕ್ಕಿಂತ ಯಾಕೆ ಕಡಿಮೆ. ಇವೇ ಹನ್ನೆರಡರಲ್ಲಿ ಮೂರು ಆದವು.

ಬಣ್ಣದ ಭಾನುವಾರದ ಪುಟದ ಬಗ್ಗೆ ಒಂದೇ ಮಾತು: ಅಮೆರಿಕದಲ್ಲಿ ಅದರ ಮೇಲಿನ ಸಾಲನ್ನು ಜಾಗ ಇಲ್ಲದ ಪತ್ರಿಕೆಗಳು ಕಿತ್ತುಹಾಕುತ್ತವೆ. ಅಲ್ಲಿ ಬರೆಯುವವರು ಆ ಸಾಲಿಗೆ ಒಂದು ಬಿಡಿ ಜೋಕು ಇಟ್ಟು, ಕಥೆಯನ್ನು ಕೆಳಗಿನಿಂದ ಶುರು ಮಾಡುತ್ತಾರೆ. ಇಲ್ಲೂ ಪುಟ ಕಟ್ಟುವವರ ಕತ್ತರಿಯನ್ನು ನಂಬಬೇಡಿ. ಮೊಬೈಲಿಗೆ ಬೇಕು ಅಂದರೆ ಮೂರೂ ಚೌಕದ ಅಗಲ ಒಂದೇ ಇರಲಿ, ಒಂದರ ಕೆಳಗೊಂದು ಜೋಡಿಸಬಹುದು.

ಸಂಪಾದಕರ ಹತ್ತಿರ ಹೋಗುವ ಮೊದಲು 24 ಸ್ಟ್ರಿಪ್ ಮುಗಿಸಿ ಇಟ್ಟುಕೊಳ್ಳಿ, ಅಂದರೆ ನಾಲ್ಕು ವಾರದ್ದು. ಮೊದಲ ಆರು ಎಲ್ಲರಿಗೂ ಚೆನ್ನಾಗಿ ಬರುತ್ತವೆ. ಹದಿನೈದರ ಹೊತ್ತಿಗೆ ಮನೆಯಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆ ಗುಡ್ಡ ಹತ್ತಿದವರು ಮಾತ್ರ ಹೋಗಿ. ಮೂಲ ಚಿತ್ರ ಕೊಡಬೇಡಿ, ಸ್ಕ್ಯಾನ್ ಕಳಿಸಿ. ಪ್ರಶ್ನೆ ಇದ್ದರೆ ಊಟದ ಹೊತ್ತಿಗೆ ಕೇಳಿ. ಅಧ್ಯಕ್ಷರು ಆಗಲೇ ಎದ್ದು ನಿಂತಿದ್ದಾರೆ.