ಆರೂವರೆಗೆ ಬಾಗಿಲು ತೆಗೆದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ದಿನವೆಲ್ಲ ದುಡಿದು ಸಂಜೆ ಮನೆಗೆ ಬರುವ ಅಪ್ಪ ಅಮ್ಮಂದಿರ ಜೊತೆ ಇವತ್ತು ನಾಲ್ಕು ಮಾತಾಡಬೇಕು. ಅದರಲ್ಲೂ ಒಂದರಿಂದ ಮೂರು ವರ್ಷದೊಳಗಿನ ಮಗು ಇರುವವರ ಜೊತೆ. ನೀವು ಬ್ಯಾಂಕಿನಲ್ಲಿರಬಹುದು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುವವರಿರಬಹುದು, ಶಾಲೆಯಲ್ಲಿ ಪಾಠ ಮಾಡುವವರಿರಬಹುದು, ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವವರೂ ಇರಬಹುದು. ಸಂಜೆ ಆರೂವರೆಯ ಕಷ್ಟ ಎಲ್ಲರಿಗೂ ಒಂದೇ. ಬಸ್ಸಿಳಿದು ಬಂದಿರುತ್ತೀರಿ, ಕಾಲು ನೋಯುತ್ತಿರುತ್ತದೆ, ಅನ್ನಕ್ಕಿಡಬೇಕು, ಒಣಗಿದ ಬಟ್ಟೆ ಕುರ್ಚಿ ಮೇಲೆ ರಾಶಿ ಬಿದ್ದಿದೆ, ಅಷ್ಟರಲ್ಲಿ ಮಗು ಬಂದು ಕಾಲು ತಬ್ಬಿಕೊಂಡರೆ ಬಿಡುವುದೇ ಇಲ್ಲ. ಆಗ ಕೈಗೆ ಸುಲಭವಾಗಿ ಸಿಗೋದು ಮೊಬೈಲು. ಒಂದು ಕಾರ್ಟೂನ್ ಹಾಕಿಕೊಟ್ಟರೆ ಅಡುಗೆ ಮುಗಿಯುತ್ತೆ, ಅಲ್ವಾ?

ಹಾಗೆ ಮಾಡಿದವರನ್ನು ನಾನು ದೂರುವುದಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಸಲಹೆಗಳನ್ನು ಕೊಟ್ಟಿತು. ಒಂದು ವರ್ಷದ ಮಗುವಿಗೆ ಟಿವಿ, ಮೊಬೈಲು ಬೇಡವೇ ಬೇಡ, ಎರಡು ವರ್ಷ ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಅದರಲ್ಲಿದೆ. ಈ ವಯಸ್ಸಿನ ಮಗು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ, ಅಂದರೆ ಮೂರು ಗಂಟೆ ಮೈ ಆಡಿಸಬೇಕು ಅಂತಲೂ ಇದೆ. ಮೂರು ಗಂಟೆ ಅಂದ ತಕ್ಷಣ ಗಾಬರಿ ಬೇಡ. ಓಡೋದು, ಹತ್ತೋದು, ಬಗ್ಗೋದು, ಡಬ್ಬಿ ಎಳೆದಾಡೋದು ಎಲ್ಲ ಸೇರಿ ಮೂರು ಗಂಟೆ, ಬೆಳಗಿನಿಂದ ರಾತ್ರಿವರೆಗೆ.

ನಾನು ಹೇಳಬೇಕೆಂದಿರೋದು ಇಷ್ಟೇ. ಆಡಿಸೋಕೆ ಅಂತ ಬೇರೆ ಹೊತ್ತು ಹುಡುಕಬೇಡಿ. ಆ ಹೊತ್ತು ಸಿಗೋದಿಲ್ಲ. ನಿಮ್ಮ ಸಂಜೆಯ ಕೆಲಸದೊಳಗೇ ಮಗುವಿಗೆ ಬೇಕಾದ ಆಟ ಇದೆ. ಒಂದೂವರೆ ವರ್ಷ ದಾಟಿದ ಮಗುವಿಗೆ ದೊಡ್ಡವರು ಮಾಡಿದ್ದನ್ನು ಮಾಡೋದಕ್ಕಿಂತ ದೊಡ್ಡ ಖುಷಿ ಇನ್ನೊಂದಿಲ್ಲ. ನೀವು ಕಸ ಗುಡಿಸಿದರೆ ಅದಕ್ಕೂ ಪೊರಕೆ ಬೇಕು. ನೀವು ಸೌಟು ಹಿಡಿದರೆ ಅದಕ್ಕೂ ಸೌಟು ಬೇಕು. ಅಂಗಡಿಯಿಂದ ತಂದ ಆಟಿಕೆ ಬಿಟ್ಟು ನಿಮ್ಮ ಕೈಯಲ್ಲಿರೋದನ್ನೇ ಕಿತ್ತುಕೊಳ್ಳೋದು ಅದಕ್ಕೇ. ಅದನ್ನು ಹಟ ಅಂದುಕೊಳ್ಳಬೇಡಿ.

ಬಂದ ತಕ್ಷಣ ಮಾಡಬೇಕಾದ ಕೆಲಸ ಮಾತ್ರ ಒಂದಿದೆ. ಕೈಕಾಲು ತೊಳೆದು, ಬ್ಯಾಗು ಮೂಲೆಗಿಟ್ಟು, ಮೊಬೈಲನ್ನು ಕೈಗೆ ಸಿಗದ ಕಡೆ ಇಟ್ಟು, ನೆಲದ ಮೇಲೆ ಕೂತುಬಿಡಿ. ಒಂದು ಹತ್ತು ಹದಿನೈದು ನಿಮಿಷ. ಕುರ್ಚಿಯಲ್ಲಿ ಅಲ್ಲ, ನೆಲದ ಮೇಲೆ. ಮಗು ತಾನಾಗಿ ಬಂದು ಮೈಮೇಲೆ ಬೀಳುತ್ತೆ. ಆಗ ಅಂಗೈ ಊಟದ ಆಟ ಆಡಿ. ನಮ್ಮ ಅಜ್ಜಿಯಂದಿರೆಲ್ಲ ಆಡಿಸಿದ ಆಟ ಅದು. ಮಗುವಿನ ಅಂಗೈ ಬಿಡಿಸಿ, ಅನ್ನ ಹಾಕಿದೆ, ಸಾರು ಹಾಕಿದೆ, ತುಪ್ಪ ಹಾಕಿದೆ ಅಂತ ಬೆರಳಲ್ಲಿ ಕಲಸಿ, ಇದು ಅಪ್ಪಂಗೆ, ಇದು ಅಮ್ಮಂಗೆ, ಇದು ತಾತಂಗೆ ಅಂತ ಒಂದೊಂದು ಬೆರಳು ಮಡಚಿ, ಕೊನೆಗೆ ಇರುವೆ ಬಂತು ಇರುವೆ ಅಂತ ಮೊಣಕೈ ದಾಟಿ ಕಂಕುಳವರೆಗೆ ಹೋದರೆ ಆಯ್ತು. ಇರುವೆ ಮೊಣಕೈ ತಲುಪೋ ಮೊದಲೇ ಮಗು ನಗೋಕೆ ಶುರು ಮಾಡಿರುತ್ತೆ. ಮುಂದೇನು ಬರುತ್ತೆ ಅಂತ ಅದಕ್ಕೆ ಗೊತ್ತು. ಗೊತ್ತಿರೋದಕ್ಕೇ ಖುಷಿ. ಅದಕ್ಕೇ ಮತ್ತೆ ಮತ್ತೆ ಕೈ ಚಾಚುತ್ತೆ. ನಮಗೆ ಬೇಜಾರಾದರೂ ಅದಕ್ಕೆ ಆಗಲ್ಲ. ಇನ್ನೂ ಸ್ವಲ್ಪ ಶಕ್ತಿ ಉಳಿದಿದ್ದರೆ ಬೆನ್ನ ಮೇಲೆ ಹಾಕಿಕೊಂಡು ಕೂಸುಮರಿ ಮಾಡಿ, ಹಾಲಿನಿಂದ ರೂಮಿಗೆ, ರೂಮಿನಿಂದ ಅಡುಗೆಮನೆಗೆ. ಈ ಕೆಲಸ ಅಪ್ಪಂದಿರು ಚೆನ್ನಾಗಿ ಮಾಡ್ತಾರೆ, ಹಾಗಂತ ಅಪ್ಪಂದಿರ ಪಾಲು ಅಷ್ಟಕ್ಕೇ ಮುಗಿಯಬಾರದು.

ಈಗ ಅಡುಗೆಮನೆಗೆ ಬನ್ನಿ. ಇಲ್ಲಿರುವಷ್ಟು ಆಟದ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ. ಮೊದಲು ಕೆಳಗಿನ ಒಂದು ಕಪಾಟನ್ನು ಮಗುವಿಗೇ ಬಿಟ್ಟುಕೊಡಿ. ಗಾಜು, ಚಾಕು, ಫಿನಾಯಿಲು ಎಲ್ಲ ಮೇಲಕ್ಕೆ ಹೋಗಲಿ. ಆ ಕಪಾಟಿನಲ್ಲಿ ನಾಲ್ಕೈದು ಸ್ಟೀಲ್ ಡಬ್ಬಿ, ಅವುಗಳ ಮುಚ್ಚಳ, ಒಂದು ಮರದ ಸೌಟು, ಹಳೇ ಜರಡಿ ಇಟ್ಟುಬಿಡಿ. ಒಂದು ವರ್ಷದ ಮಗು ಹಾಕೋದು, ತೆಗೆಯೋದು, ಬಡಿಯೋದು ಮಾಡುತ್ತೆ. ಎರಡು ವರ್ಷದ್ದು ಮುಚ್ಚಳ ಹೊಂದಿಸೋಕೆ ಕೂರುತ್ತೆ. ನಮ್ಮ ಮಗಳು ದೊಡ್ಡ ಡಬ್ಬಿಗೆ ಸಣ್ಣ ಮುಚ್ಚಳ ಇಟ್ಟು, ಅದು ಒಳಗೆ ಬಿದ್ದುಹೋದಾಗ ಡಬ್ಬಿಯೊಳಗೆ ಇಣುಕಿ ನೋಡುತ್ತಾಳೆ, ಕೈ ಹಾಕಿ ತೆಗೆಯುತ್ತಾಳೆ, ಮತ್ತೆ ಅದನ್ನೇ ಇಡುತ್ತಾಳೆ. ಪಕ್ಕದಲ್ಲೇ ಸರಿಯಾದ ಮುಚ್ಚಳ ಇರುತ್ತೆ. ತೋರಿಸಿಕೊಡೋಕೆ ನಮ್ಮ ಕೈ ಮುಂದಾಗುತ್ತೆ, ಆದರೆ ತಡೆದುಕೊಳ್ಳಬೇಕು. ತಾನೇ ಕಂಡುಕೊಂಡ ದಿನ ಅವಳು ತಲೆಯೆತ್ತಿ ನೋಡಿದ ನೋಟ ಇದೆಯಲ್ಲ, ಅದಕ್ಕೆ ಯಾವ ಬೆಲೆಯೂ ಸಾಲದು.

ಸದ್ದು ಜಾಸ್ತಿ ಆಗುತ್ತೆ, ನಿಜ. ಕೆಳಗೊಂದು ಹಳೇ ಬೆಡ್‌ಶೀಟ್ ಹಾಸಿದರೆ ಅರ್ಧ ಸದ್ದು ತಗ್ಗುತ್ತೆ.

ನೀವು ಸೊಪ್ಪು ಬಿಡಿಸುವಾಗ ಮಗುವಿಗೆ ಒಂದು ಕರಿಬೇವಿನ ಕಡ್ಡಿ ಕೊಟ್ಟು ನೋಡಿ. ಹೆಬ್ಬೆರಳು, ತೋರುಬೆರಳು ಎರಡೇ ಸೇರಿಸಿ ಒಂದೊಂದು ಎಲೆ ಕೀಳೋದು ಆ ಪುಟ್ಟ ಕೈಗೆ ದೊಡ್ಡ ಕಸುಬು. ಮುಂದೆ ಪೆನ್ಸಿಲ್ ಹಿಡಿಯುವ ಬೆರಳು ಪಳಗೋದು ಇಂಥ ಕೆಲಸದಿಂದಲೇ. ಎಲೆ ಕಿತ್ತಾದ ಮೇಲೆ ಮೂಗಿಗೆ ಹಿಡಿಯಿರಿ, ವಾಸನೆ ನೋಡಲಿ. ಕೊತ್ತಂಬರಿ ಒಂದು ವಾಸನೆ, ಪುದೀನ ಇನ್ನೊಂದು. ಹೆಸರು ಹೇಳುತ್ತಾ ಹೋಗಿ. ಮೆಂತ್ಯ ಸೊಪ್ಪು, ಬೀನ್ಸು, ಹೀರೇಕಾಯಿ, ನುಣ್ಣಗಿದೆ, ಒರಟಾಗಿದೆ, ತಣ್ಣಗಿದೆ. ಮಾತು ಕಲಿಯೋ ವಯಸ್ಸಿನ ಮಗುವಿಗೆ ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಬೇಗ ಹತ್ತುತ್ತೆ. ಅದು "ಬೀ" ಅಂದರೆ ನೀವು "ಹೂಂ, ಬೀನ್ಸು, ಉದ್ದ ಬೀನ್ಸು" ಅನ್ನಿ. ಅದು ಒಂದು ಹೇಳಿದರೆ ನೀವು ಒಂದು ಸೇರಿಸಿ ವಾಪಸ್ ಕೊಡೋದು, ಅಷ್ಟೇ.

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಮನೆಮಂದಿಯೆಲ್ಲ ಕೂತು ಸುಲಿಯುತ್ತೇವಲ್ಲ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಕಾಳು ಅದರ ಕೈಗೆ ಬೇಡ. ಸಿಪ್ಪೆಯನ್ನು ಬುಟ್ಟಿಗೆ ಹಾಕೋ ಕೆಲಸ ಅದಕ್ಕೆ. ಇಲ್ಲಿ ಒಂದು ನಿಮಿಷ ನಿಂತು ಹೇಳಲೇಬೇಕು. ಅವರೆಕಾಳು, ಕಡಲೆಕಾಯಿ ಬೀಜ, ಕಡಲೆಕಾಳು, ಹುಣಸೆ ಬೀಜ, ಗೋಲಿ, ಗುಂಡಿ ಇವೆಲ್ಲ ಈ ವಯಸ್ಸಿನಲ್ಲಿ ಅಪಾಯ. ಬಾಯಿಗೆ ಹಾಕಿಕೊಂಡು ಉಸಿರಿನ ದಾರಿಗೆ ಹೋಗಬಹುದು, ಮೂಗಿಗೆ ತುರುಕಿಕೊಳ್ಳಬಹುದು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಆಟದ ಸಾಮಾನು ಅದಕ್ಕಿಂತ ಚೆನ್ನಾಗಿ ದೊಡ್ಡದಿರಲಿ. ರಿಮೋಟು, ಗಡಿಯಾರ, ಲೈಟು ಉರಿಯೋ ಆಟಿಕೆಗಳಲ್ಲಿ ಇರುವ ಗುಂಡಿಯಂಥ ಚಿಕ್ಕ ಬ್ಯಾಟರಿಯಂತೂ ಎಲ್ಲಕ್ಕಿಂತ ಕೆಟ್ಟದ್ದು. ನುಂಗಿದರೆ ಗಂಟೆಗಳೊಳಗೆ ಅನ್ನನಾಳವನ್ನೇ ಸುಡುತ್ತೆ. ಅನುಮಾನ ಬಂದರೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಬಲೂನು ಚೂರೂ ಅಷ್ಟೇ ಕೆಟ್ಟದ್ದು, ಒಡೆದ ತಕ್ಷಣ ಎಲ್ಲ ಚೂರು ಎತ್ತಿಬಿಡಿ.

ಚಪಾತಿ ಹಿಟ್ಟು ಕಲಸುವ ದಿನ ಮಗುವಿಗೊಂದು ನಿಂಬೆಹಣ್ಣಿನ ಗಾತ್ರದ ಉಂಡೆ. ಒಲೆಯಿಂದ ದೂರ, ಒಂದು ಮಣೆ ಕೊಟ್ಟು ನೆಲದ ಮೇಲೆ ಕೂರಿಸಿ. ತಟ್ಟುತ್ತೆ, ಚಿವುಟುತ್ತೆ, ಚಮಚದಿಂದ ಚುಚ್ಚುತ್ತೆ. ಸ್ವಲ್ಪ ಅರಿಶಿನ ಹಾಕಿದರೆ ಹಳದಿ, ಬೀಟ್‌ರೂಟ್ ರಸ ಹಾಕಿದರೆ ಕೆಂಪು. ಕೆಡದಿರಲಿ ಅಂತ ಉಪ್ಪು ಸುರಿದು ಮಾಡುವ ಹಿಟ್ಟು ಇನ್ನೂ ಎಲ್ಲವನ್ನೂ ಬಾಯಿಗೆ ಹಾಕೋ ಮಗುವಿಗೆ ಬೇಡ, ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ತೊಂದರೆ. ಮನೆಯ ಹಿಟ್ಟೇ ಸಾಕು, ಹಸಿ ಹಿಟ್ಟು ತಿನ್ನದ ಹಾಗೆ ಒಂದು ಕಣ್ಣಿಟ್ಟಿರಿ, ಆಟ ಮುಗಿದ ಮೇಲೆ ಎಸೆದುಬಿಡಿ. ಹಿಟ್ಟು ಕಲಸದ ದಿನ ಅಗಲವಾದ ತಟ್ಟೆಯಲ್ಲಿ ಎರಡು ಹಿಡಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಗೀಚೋಕೆ ಬಿಡಿ. ತಟ್ಟೆ ಅಲ್ಲಾಡಿಸಿದರೆ ಎಲ್ಲ ಮಾಯ, ಮತ್ತೆ ಹೊಸದಾಗಿ ಗೀಚಬಹುದು.

ಬಟ್ಟೆ ಮಡಚೋದು ಇನ್ನೊಂದು ಒಳ್ಳೆ ಆಟ. ಕಾಲುಚೀಲದ ರಾಶಿಯಲ್ಲಿ ಒಂದು ಎತ್ತಿ ಹಿಡಿದು, ಇದರ ಜೊತೆಯದು ಎಲ್ಲಿದೆ ಅಂತ ಕೇಳಿ. ಅಪ್ಪನ ಅಂಗಿ ಯಾವುದು, ಅಜ್ಜಿಯ ಸೀರೆ ಯಾವುದು, ನಿನ್ನದು ಯಾವುದು? ಮಡಚಿದ್ದನ್ನು ಒಂದೊಂದಾಗಿ ರೂಮಿಗೆ ಹೊತ್ತುಕೊಂಡು ಹೋಗಿ ಕೊಟ್ಟು ಬರೋ ಕೆಲಸವೂ ಅದರದ್ದೇ. ದಾರಿಯಲ್ಲಿ ಎರಡು ಬಿದ್ದುಹೋಗುತ್ತವೆ, ಹೋಗಲಿ. ಎರಡೂವರೆ ವರ್ಷದ ಮಗು ಮಂಚಕ್ಕೂ ಬೀರುವಿಗೂ ಹತ್ತು ಸಲ ಓಡಾಡಿದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ.

ನೀರಾಟದ ಬಗ್ಗೆ ಹೇಳದೆ ಇರೋಕಾಗಲ್ಲ. ಸಂಜೆ ಮೈ ತೊಳೆಯುವಾಗ ಬೋಗುಣಿಯಲ್ಲಿ ಸ್ವಲ್ಪ ನೀರು, ಒಂದು ಲೋಟ, ಒಂದು ಚೊಂಬು. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಚಮಚ ಮುಳುಗುತ್ತೆ, ಕಿತ್ತಳೆ ಹಣ್ಣು ತೇಲುತ್ತೆ, ಅದೇ ಹಣ್ಣಿನ ಸಿಪ್ಪೆ ಸುಲಿದು ಹಾಕಿದರೆ ಮುಳುಗುತ್ತೆ. ಮಗುವಿಗೆ ಬಿಡಿ, ನೋಡುತ್ತಾ ಕೂತ ದೊಡ್ಡವರಿಗೂ ಇದು ಆಶ್ಚರ್ಯ. ಸಿಪ್ಪೆಯೊಳಗೆ ಗಾಳಿ ಇರೋದರಿಂದ ಹಾಗೆ. ಆದರೆ ನೀರಿನ ಹತ್ತಿರ ಮಗುವನ್ನು ಬಿಟ್ಟು ಒಂದು ಕ್ಷಣವೂ ಏಳಬೇಡಿ, ಫೋನ್ ಬಂದರೂ, ಕುಕ್ಕರ್ ಕೂಗಿದರೂ. ಈ ವಯಸ್ಸಿನ ಮಕ್ಕಳ ತಲೆ ಭಾರ, ಬಕೆಟ್‌ಗೆ ತಲೆಕೆಳಗಾಗಿ ಬಿದ್ದರೆ ಎದ್ದು ಬರೋಕಾಗಲ್ಲ, ಸದ್ದೂ ಆಗಲ್ಲ. ನೀರು ಹಿಡಿದಿಡುವ ಊರುಗಳಲ್ಲಿ ಬಚ್ಚಲ ಬಾಗಿಲಿಗೆ ಚಿಲಕ ಹಾಕೇ ಇರಲಿ.

ರಟ್ಟಿನ ಪೆಟ್ಟಿಗೆ ಬಂದರೆ ಎಸೆಯಬೇಡಿ, ಅದೇ ಬಸ್ಸು. ಎರಡು ಕುರ್ಚಿಗೆ ಹಳೇ ಸೀರೆ ಕಟ್ಟಿದರೆ ಮನೆ. ಕರೆಂಟು ಹೋದರೆ ಗೋಡೆಗೆ ಟಾರ್ಚ್ ಹಿಡಿದು ಕೈಯಲ್ಲಿ ನಾಯಿ, ಹಕ್ಕಿ ಮಾಡಿ. ತೊಗಲುಗೊಂಬೆ ಆಡಿಸಿದ ನಾಡು ನಮ್ಮದು, ನೆರಳಿನ ಕಥೆ ನಮಗೆ ಹೊಸದಲ್ಲ. ಆಟಿಕೆ ಕೊಳ್ಳಲೇಬೇಕು ಅನ್ನಿಸಿದರೆ ಚನ್ನಪಟ್ಟಣದ್ದು ಒಂದೆರಡು ತನ್ನಿ. ಆಲೆ ಮರಕ್ಕೆ ಅರಗಿನ ಬಣ್ಣ ಕೊಟ್ಟು ತಿರುಗಿಸಿ ಮಾಡಿದ್ದು, ಅಂಚು ಚುಚ್ಚುವುದಿಲ್ಲ. ಇರುವ ಆಟಿಕೆಗಳಲ್ಲಿ ಅರ್ಧ ಅಟ್ಟಕ್ಕೆ ಹಾಕಿ, ಒಂದೆರಡು ವಾರ ಬಿಟ್ಟು ಬದಲಾಯಿಸಿ. ಹಳೆಯದೇ ಹೊಸದಾಗುತ್ತೆ.

ಮನೆಯಿಂದಲೇ ಕೆಲಸ ಮಾಡುವವರದು ಬೇರೆ ಪಾಡು. ಅಮ್ಮ ಕಣ್ಣೆದುರೇ ಇದ್ದಾಳೆ, ಆದರೆ ಸಿಗಲ್ಲ. ಮಗುವಿಗೆ ಇದು ಅರ್ಥವಾಗಲ್ಲ. ಅವರಿಗೆ ಒಂದು ಉಪಾಯ. ಮೀಟಿಂಗ್ ಹೊತ್ತಿಗೆ ಮಾತ್ರ ಹೊರಗೆ ಬರುವ ಒಂದು ಬುಟ್ಟಿ ಇಟ್ಟುಕೊಳ್ಳಿ. ದಪ್ಪ ರಟ್ಟಿನ ಚಿತ್ರಪುಸ್ತಕ, ಒಂದು ಹಳೇ ಪರ್ಸು, ಮೆತ್ತನೆ ಗೊಂಬೆ ಒಂದಷ್ಟು. ಬೇರೆ ಹೊತ್ತಿನಲ್ಲಿ ಅದು ಕಾಣಿಸಬಾರದು. ಎರಡು ವರ್ಷದ ಮಗು ಒಂದೇ ಕಡೆ ಕೆಲವು ನಿಮಿಷ ಕೂತರೆ ಹೆಚ್ಚು, ಅದಕ್ಕಿಂತ ಜಾಸ್ತಿ ಬಯಸಬೇಡಿ. ಉದ್ದ ಮೀಟಿಂಗ್ ಇದ್ದರೆ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು.

ಬೆಳಿಗ್ಗೆ ಹೊರಡುವಾಗ ಮಗುವಿನ ಕಣ್ಣು ತಪ್ಪಿಸಿ ಹೋಗುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಅಳುತ್ತೆ ಅಂತ. ದಯವಿಟ್ಟು ಹಾಗೆ ಹೋಗಬೇಡಿ. ಹಾಗೆ ಮಾಯವಾದರೆ ಅಮ್ಮ ಯಾವಾಗ ಬೇಕಾದರೂ ಕಾಣೆಯಾಗಬಹುದು ಅಂತ ಅದರ ಮನಸ್ಸಿಗೆ ಬರುತ್ತೆ, ಆಮೇಲೆ ಸೆರಗು ಬಿಡಲ್ಲ. ಹೇಳಿ ಹೋಗಿ. ಅತ್ತರೂ ಹೇಳಿ ಹೋಗಿ. ಸೆರಗಿನಲ್ಲಿ ಮುಖ ಮುಚ್ಚಿ ತೆಗೆದು "ಕೂ" ಅನ್ನೋ ಆಟ ಇದಕ್ಕೇ ಬೇಕು. ಮರೆಯಾದದ್ದು ಮತ್ತೆ ಬರುತ್ತೆ ಅನ್ನೋದನ್ನು ಮಗು ಅದರಲ್ಲಿ ಆಡುತ್ತಾ ಕಲಿಯುತ್ತೆ. ದಿನವಿಡೀ ನೋಡಿಕೊಳ್ಳುವ ಅಜ್ಜಿಗೋ ಆಯಾಗೋ ಒಂದು ಮಾತು ಹೇಳಿಡಿ, ಸಂಜೆಗೆ ಒಂದು ಸುದ್ದಿ ಉಳಿಸಿಡಿ ಅಂತ. ಇವತ್ತು ಹಸು ಬಂತು, ಇವತ್ತು ಬಾಳೆಹಣ್ಣು ಚೆಲ್ಲಿದಳು, ಏನಾದರೂ ಸರಿ. ನೀವು ಬಂದ ಮೇಲೆ "ಹಸು ಬಂದಿತ್ತಂತೆ, ಏನಂತು?" ಅಂತ ಕೇಳಿದರೆ ಮಾತು ಅಲ್ಲಿಂದಲೇ ಹೊರಡುತ್ತೆ.

ಕೆಲವು ಸಂಜೆ ಏನೂ ಆಗಲ್ಲ. ನಿಮಗೂ ತಲೆನೋವು, ಮಗುವಿಗೂ ರಗಳೆ. ಅಂಥ ದಿನ ಬಾಲ್ಕನಿಯಲ್ಲೋ ಜಗಲಿ ಮೇಲೋ ತೊಡೆಯ ಮೇಲೆ ಕೂರಿಸಿಕೊಂಡು ದಾರಿ ನೋಡುತ್ತಾ ಕೂತುಬಿಡಿ. ಆಟೋ ಹೋಯ್ತು, ನಾಯಿ ಬಂತು, ಹೂವಿನ ಗಾಡಿ ಬಂತು. ಅಷ್ಟು ಹೊತ್ತು ಅನ್ನ ಸಾರು ತಡವಾದರೆ ಆಗಲಿ, ಅಥವಾ ಅವತ್ತು ಮೊಸರನ್ನವೇ ಸಾಕು.

ನಾಳೆ ಸಂಜೆ ಶುರು ಮಾಡೋದಾದರೆ ಇವತ್ತು ರಾತ್ರಿಯೇ ಆ ಕೆಳಗಿನ ಕಪಾಟು ಖಾಲಿ ಮಾಡಿಡಿ. ಡಬ್ಬಿಗಳ ಅಂಚಿಗೆ ಒಮ್ಮೆ ಕೈಯಾಡಿಸಿ ನೋಡಿ, ಹರಿತ ಇದ್ದರೆ ಆ ಡಬ್ಬಿ ಬೇಡ. ಕಪಾಟಿನ ಬಾಗಿಲಿಗೆ ಬೆರಳು ಸಿಕ್ಕದ ಹಾಗೆ ಸಂದಿಗೆ ಒಂದು ಬಟ್ಟೆ ಕಟ್ಟಿ.

ನಮಸ್ಕಾರ.