ಕರಾವಳಿಯ ಒಂಟಿ ಹಳಿಯ ಮೇಲೆ

ಕೇಳುಗರಿಗೆ ನಮಸ್ಕಾರ. ಹೊನ್ನಾವರದ ಬಳಿ ರೈಲು ಶರಾವತಿ ಸೇತುವೆಗೆ ಬರುತ್ತಿದ್ದಂತೆ ಗಾಲಿಗಳ ಸದ್ದು ಬದಲಾಗುತ್ತದೆ. ಅದುವರೆಗೆ ಮಾತಿನಲ್ಲಿ ಮುಳುಗಿದ್ದವರೂ ಕಿಟಕಿಯತ್ತ ತಿರುಗುತ್ತಾರೆ. ಎರಡು ಕಿಲೋಮೀಟರಿಗೂ ಮಿಗಿಲಾದ ಈ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಇದರ ಮೇಲೆ ಹಾದುಹೋದ ರೈಲುಗಳ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ.

ಈ ಹಳಿ ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲೇ ಹೋಗಬೇಕೆಂದರೆ ಕೇರಳ, ತಮಿಳುನಾಡುಗಳನ್ನು ಸುತ್ತಿ 2,041 ಕಿಲೋಮೀಟರ್ ಸಾಗಬೇಕಿತ್ತು. ಹೋಟೆಲು ಕೆಲಸಕ್ಕೆಂದು ಮುಂಬಯಿ ಸೇರಿದ್ದ ಉಡುಪಿ, ಕುಂದಾಪುರ ಕಡೆಯವರು ಆದ್ದರಿಂದ ಘಟ್ಟ ಹತ್ತುವ ಬಸ್ಸನ್ನೇ ನೆಚ್ಚಿಕೊಂಡಿದ್ದರು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು, ಎಂಜಿನಿಯರ್ ಇ. ಶ್ರೀಧರನ್ ಅದರ ಚುಕ್ಕಾಣಿ ಹಿಡಿದರು. 1993ರಲ್ಲಿ ಮಂಗಳೂರಿನಿಂದ ಉಡುಪಿಯವರೆಗೆ ರೈಲು ಓಡಿತು. 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆದಾಗ ಮುಂಬಯಿಯ ದೂರ 914 ಕಿಲೋಮೀಟರಿಗೆ ಇಳಿದಿತ್ತು. ಅದೇ ವರ್ಷ ಬಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಕರಾವಳಿಯವರು ತಮ್ಮ ಮನೆಯ ರೈಲೆಂದೇ ಭಾವಿಸಿದರು.

ಆಗಿನದು ಡೀಸೆಲ್ ಎಂಜಿನ್. ಸುರಂಗ ಹತ್ತಿರವಾದರೆ ಸಾಕು, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಬ್ಬರು ಕಿಟಕಿಯ ತಗಡಿನ ಪರದೆಯನ್ನು ಎಳೆಯುವರು, ಇನ್ನೊಬ್ಬರು ಮಗುವನ್ನು ಮಡಿಲಿಗೆ ಸೆಳೆದುಕೊಳ್ಳುವರು; ಆದರೂ ಹೊಗೆ ಒಳನುಗ್ಗಿ, ಹೊರಬಂದ ಮೇಲೂ ಗಂಟಲಲ್ಲಿ ಉಳಿಯುತ್ತಿತ್ತು. ಮಳೆಗಾಲದಲ್ಲಿ ಅದೇ ಪರದೆಯ ಸಂದಿನಿಂದ ನೀರು ಇಳಿದು ಸೀಟು ತೋಯುತ್ತಿತ್ತು. ಎದುರಿಗೆ ರೋ-ರೋ ಗಾಡಿ ಬಂದರೆ ಮಕ್ಕಳಿಗೆ ಹಬ್ಬ. ಸಾಲು ಸಾಲು ಲಾರಿಗಳು ರೈಲಿನ ಬೆನ್ನೇರಿ ಕುಳಿತಿದ್ದು, ಚಾಲಕರು ತಮ್ಮ ಕ್ಯಾಬಿನ್ನಿನಿಂದಲೇ ಕೈಬೀಸುತ್ತಿದ್ದರು.

2022ರ ಜೂನ್‌ನಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಲೋಕಾರ್ಪಣೆಗೊಂಡ ಬಳಿಕ ಸುರಂಗದ ಆ ಹೊಗೆ ತಗ್ಗುತ್ತ ಬಂತು. ಇದಕ್ಕೂ ಮುನ್ನ, 2020ರಲ್ಲಿ, ಬೆಂಗಳೂರಿನಿಂದ ಕಾರವಾರಕ್ಕೆ ಆರಂಭವಾದ ರಾತ್ರಿ ರೈಲಿಗೆ ಮುಂದೆ ಗಂಗೊಳ್ಳಿಯ ಪಂಚಗಂಗಾವಳಿ ನದಿಯ ನೆನಪಿನಲ್ಲಿ ಪಂಚಗಂಗಾ ಎಂಬ ಹೆಸರಿಟ್ಟದ್ದು ನನಗೆ ಬಹಳ ಹಿಡಿಸಿದೆ. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಹೊರಟಿತು. ನಡುವೆ ಅದಕ್ಕೆ ನಿಗದಿಯಾದದ್ದು ಉಡುಪಿ, ಕಾರವಾರ ಎರಡೇ ನಿಲುಗಡೆ.

ವೇಗ ಬೇಕು, ನಿಜ. ಆದರೆ ಕರ್ನಾಟಕದ ಭಾಗದಲ್ಲಿ ಹಳಿ ಈಗಲೂ ಒಂಟಿಯೇ. ಮಹಾರಾಷ್ಟ್ರದ ರೋಹಾ–ವೀರ್ ನಡುವೆ 2021ರಲ್ಲಿ ಜೋಡಿ ಹಳಿಯಾಯಿತು, ನಮ್ಮಲ್ಲಿ ಆಗಿಲ್ಲ. ಎದುರು ರೈಲು ಬಂದರೂ, ಹಿಂದಿನಿಂದ ವೇಗದ ರೈಲು ಬಂದರೂ ಪಕ್ಕದ ಹಳಿಗೆ ಸರಿದು ನಿಲ್ಲಬೇಕಾದದ್ದು ಹೆಚ್ಚಾಗಿ ಪ್ಯಾಸೆಂಜರ್ ರೈಲೇ. ಸೇನಾಪುರ, ಬಿಜೂರು, ಮಂಕಿಯಂಥ ಊರುಗಳವರಿಗೆ ಆಸರೆಯಾಗಿರುವುದೂ ಅದೇ ರೈಲು. ಜೋಡಿ ಹಳಿಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಅಲ್ಲಿನ ದೃಶ್ಯ: ನಿಂತ ಬೋಗಿಯ ಬಾಗಿಲಲ್ಲಿ ಬುಟ್ಟಿಯನ್ನು ಕಾಲಿಗೆ ಒತ್ತಿ ಹಿಡಿದು ನಿಂತ ಹೆಂಗಸು, ಪಕ್ಕದಲ್ಲಿ ಗಾಳಿ ಎಬ್ಬಿಸಿ ಹಾದುಹೋಗುವ ಬಿಳಿಯ ರೈಲು, ಆಮೇಲೆ ಹಸಿರು ದೀಪಕ್ಕಾಗಿ ಎಲ್ಲರೂ ಮುಂದಕ್ಕೆ ಬಾಗಿ ನೋಡುವುದು.