‘ಹೃದಯ ನಿಂತಿತು’ ಅನ್ನುವುದೂ ಒಂದು ಕಾರಣವಾ?

ನಮಸ್ಕಾರ. ಇವತ್ತು ಬೆಂಗಳೂರು ನಗರ ಜಿಲ್ಲೆಯ ಸಾವಿನ ಲೆಕ್ಕದ ಬಗ್ಗೆ ಮಾತಾಡೋಣ. ವಿಷಯ ಸ್ವಲ್ಪ ಭಾರ, ಆದರೂ ಕೇಳಿ.

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಡಾಕ್ಟರು ಸಾವಿನ ಕಾರಣ ಬರೆಯುವ ಫಾರಂ, ನಮೂನೆ 4, ತುಂಬಬೇಕು. ಅದರಲ್ಲಿ ಎ, ಬಿ, ಸಿ ಅಂತ ಒಂದರ ಕೆಳಗೊಂದು ಸಾಲು. ಮೇಲೆ ಕೊನೆಗೆ ಜೀವ ತೆಗೆದದ್ದು ಏನು, ಕೆಳಗೆ ಅದಕ್ಕೆ ಕಾರಣ ಏನು, ಇನ್ನೂ ಕೆಳಗೆ ಅದರ ಮೂಲ ಏನು. ವಯಸ್ಸಿನ ಜಾಗ ನೋಡಿ: ವರ್ಷ ತುಂಬದ ಮಗುವಿಗೆ ತಿಂಗಳು, ತಿಂಗಳು ತುಂಬದಿದ್ದರೆ ದಿನ, ದಿನವೂ ಕಳೆಯದಿದ್ದರೆ ಗಂಟೆ ಬರೆಯಬೇಕು. ಗಂಟೆ ಲೆಕ್ಕ ಕೇಳುವ ಫಾರಂಗೆ ಎಷ್ಟೋ ಸಲ ಸಿಗುವ ಉತ್ತರ, ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’. ಅಂದರೆ ಹೃದಯ, ಉಸಿರು ನಿಂತಿತು. ಅಲ್ಲ ಸ್ವಾಮಿ, ಸತ್ತವರೆಲ್ಲರದ್ದೂ ನಿಲ್ಲುತ್ತದೆ ಅಲ್ವಾ?

ಕೂಸಿನ ವಿಷಯದಲ್ಲಿ ಇದು ಇನ್ನೂ ಅನ್ಯಾಯ. 2020ರ ಎಸ್‌ಆರ್‌ಎಸ್, ಅಂದರೆ ಕೇಂದ್ರ ಸರ್ಕಾರದ ಹುಟ್ಟು ಸಾವಿನ ಮಾದರಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಹುಟ್ಟಿದ 1,000 ಮಕ್ಕಳಲ್ಲಿ 28 ಮಕ್ಕಳು ವರ್ಷದೊಳಗೆ ತೀರಿಕೊಂಡವು. ಅದರಲ್ಲಿ 20 ಮಕ್ಕಳು ಮೊದಲ ತಿಂಗಳಲ್ಲೇ. ವರ್ಷದೊಳಗಿನ ಸಾವಿನ ಲೆಕ್ಕದಲ್ಲಿ ಕರ್ನಾಟಕದ್ದು 19. ಮಗು ದಿನ ತುಂಬುವ ಮೊದಲೇ ಹುಟ್ಟಿತಾ? ಹೆರಿಗೆಯಲ್ಲಿ ಉಸಿರುಗಟ್ಟಿತಾ? ಸೋಂಕಿನಿಂದ ನಂಜೇರಿತಾ? ಮೊದಲನೆಯದಕ್ಕೆ ಬಸುರಿಯ ಊಟ, ರಕ್ತಹೀನತೆ ನೋಡಬೇಕು. ಉಸಿರುಗಟ್ಟಿದ್ದಕ್ಕೆ ಕೈಯಲ್ಲಿ ಒತ್ತಿ ಗಾಳಿ ಊದುವ ಅಂಬು ಬ್ಯಾಗ್ ಹಿಡಿದು ಉಸಿರು ಕೊಡಲು ಬರುವ ನರ್ಸ್ ಬೇಕು. ನಂಜಿಗೆ ವಾರ್ಡಿನ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು. ‘ಹೃದಯ ನಿಂತಿತು’ ಅಂತ ಬರೆದರೆ ದುಡ್ಡು ಯಾವುದಕ್ಕೆ ಹಾಕುತ್ತೀರಿ?

ಇನ್ನೊಂದು ಗೋಜಲಿದೆ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹುಟ್ಟು, ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಕೋಲಾರ, ತುಮಕೂರಿನಿಂದ ತೀರಾ ಕಷ್ಟದಲ್ಲಿರುವ ಮಕ್ಕಳನ್ನು ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ತರುತ್ತಾರೆ. ಚಿಂತಾಮಣಿಯಲ್ಲಿ ಹುಟ್ಟಿದ ಮಗು ಇಲ್ಲಿ ಉಳಿಯದಿದ್ದರೆ ಹುಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯ ಖಾತೆಗೆ, ಸಾವು ಬೆಂಗಳೂರಿನ ಖಾತೆಗೆ. ಬೆಂಗಳೂರಿನ ಅಂಕಿ ಸುಮ್ನೆ ಉಬ್ಬುತ್ತದೆ. ಅದು ಹೋಗಲಿ, ಚಿಂತಾಮಣಿ ಕಡೆ ಏನು ಕೊರತೆ ಇತ್ತು ಅಂತ ಅಲ್ಲಿ ಯಾರೂ ಕೇಳುವುದೇ ಇಲ್ಲ. ಸತ್ತವರ ವಾಸದ ಊರನ್ನು ಸಾವಿನ ನೋಂದಣಿ ಫಾರಂನಲ್ಲಿ ಕೇಳೇ ಕೇಳುತ್ತಾರೆ. ಊರುವಾರು ಲೆಕ್ಕ ಹಾಕಿ ಪ್ರಕಟಿಸಲು ಏನಡ್ಡಿ?

ಇದೇ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ ಸಾವಿನ ಕಾರಣದ ಪತ್ರವನ್ನು ಮನೆಯವರಿಗೆ ಪುಕ್ಕಟೆ ಕೊಡಬೇಕು. ಒಳ್ಳೆಯದೇ. ಆದರೆ ಮಗುವನ್ನು ಕಳೆದುಕೊಂಡವರು ಫಾರಂ ಓದಿ ಜಗಳಕ್ಕೆ ನಿಲ್ಲುತ್ತಾರಾ? ಆ ಕೆಲಸ ನೋಂದಣಿ ಕಚೇರಿಯದ್ದು. ಕೆಳಗಿನ ಸಾಲು ಖಾಲಿ ಇದ್ದರೆ ಆಸ್ಪತ್ರೆಗೆ ವಾಪಸ್ ಕಳಿಸಲಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ನಮ್ಮನ್ನು ನಾಲ್ಕು ಸಲ ಅಲೆಸುವವರಿಗೆ ಇದೇನು ದೊಡ್ಡ ಕೆಲಸವಲ್ಲ.